ಟೊರಾಂಟೊಗೆ ಹೊಸಬರೇ? ಹೈ ಪಾರ್ಕಿಗೆ ಕಾರು ಬರುವ ತನಕ ಕಾಯಬೇಡಿ

ಕಾರು ಕೊಂಡ ಮೇಲೆ ಊರು ಸುತ್ತೋಣ ಎಂದು ಹೊಸದಾಗಿ ಬಂದ ಎಷ್ಟೋ ಕುಟುಂಬಗಳು ತಿಂಗಳುಗಟ್ಟಲೆ ಮನೆಯಲ್ಲೇ ಉಳಿದುಬಿಡುತ್ತವೆ. ನಗರದ ದೊಡ್ಡ ಉದ್ಯಾನವಾದ ಹೈ ಪಾರ್ಕಿಗೆ ಕಾರಿನ ಅಗತ್ಯವೇ ಇಲ್ಲ; ಶನಿವಾರ, ಭಾನುವಾರ ಒಳಗೆ ಕಾರು ಬಿಡುವುದೂ ಇಲ್ಲ. ಸಬ್‌ವೇಯ 2ನೇ ಲೈನಿನಲ್ಲಿ ಹೈ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದರೆ ಪಾರ್ಕು ನಾಲ್ಕು ಹೆಜ್ಜೆ. ಪಕ್ಕದ ಊರಾದ ಮಿಸ್ಸಿಸಾಗದವರು ಬಸ್ಸಿನಲ್ಲಿ ಕಿಪ್ಲಿಂಗ್ ಸ್ಟೇಷನ್ ತನಕ ಬಂದು ಅದೇ ಲೈನ್ ಹಿಡಿಯಿರಿ. ಬಸ್ಸು, ರೈಲಿಗೆ ದುಡ್ಡು ಕಟ್ಟುವ ಪ್ರೆಸ್ಟೊ ಕಾರ್ಡ್ ಇದ್ದರೆ ಬಸ್ಸಿನಿಂದ ಸಬ್‌ವೇಗೆ ಹತ್ತುವಾಗ ಮತ್ತೆ ದುಡ್ಡು ಕೊಡಬೇಕಿಲ್ಲ. 12 ವರ್ಷದವರೆಗಿನ ಮಕ್ಕಳಿಗೆ ಟಿಟಿಸಿ (ಟೊರಾಂಟೊದ ನಗರ ಸಾರಿಗೆ) ಪೂರ್ತಿ ಉಚಿತ.

ಪಾರ್ಕಿಗೂ ಪ್ರವೇಶ ಶುಲ್ಕವಿಲ್ಲ. ಇದರ ಹಿಂದೆ ಒಬ್ಬರ ದೊಡ್ಡ ಮನಸ್ಸಿದೆ. ಜಾನ್ ಹೋವರ್ಡ್ ಎಂಬ ವಾಸ್ತುಶಿಲ್ಪಿ 1837ರಲ್ಲಿ ಇಲ್ಲಿ ಮನೆ ಕಟ್ಟಿ ಹೆಂಡತಿ ಜೆಮೈಮಾ ಜೊತೆ ನೆಲೆಸಿದರು. 1873ರಲ್ಲಿ, ವರ್ಷಕ್ಕಿಷ್ಟು ಪಿಂಚಣಿಗೆ ಒಪ್ಪಿ, ತಮ್ಮ ಜಮೀನನ್ನು ಊರಿಗೇ ಬಿಟ್ಟುಕೊಟ್ಟರು. ಜನ ದುಡ್ಡು ಕೊಡದೆ ಬಂದು ಹೋಗುವ ಉದ್ಯಾನವಾಗಿಯೇ ಇದು ಉಳಿಯಬೇಕೆಂಬುದು ಅವರ ಷರತ್ತು. ಆ ಮನೆ, ಕೋಲ್ಬೋರ್ನ್ ಲಾಡ್ಜ್, ಈಗ ಮ್ಯೂಸಿಯಂ. ದಂಪತಿಯ ಸಮಾಧಿಯೂ ಅದರ ಹತ್ತಿರವೇ ಇದೆ. ಮಕ್ಕಳಿಗೆ ತಪ್ಪದೆ ತೋರಿಸಿ. ಆಮೇಲೆ ಸುತ್ತಲಿನ ಜಮೀನೂ ಸೇರಿ ಪಾರ್ಕು ಸುಮಾರು 400 ಎಕರೆಗೆ ಬೆಳೆದಿದೆ.

ಮಕ್ಕಳಿಗೆ ಆಟದ ಜಾಗ, ಬೇಸಿಗೆಯಲ್ಲಿ ಈಜುಕೊಳ, ಚಳಿಗಾಲದಲ್ಲಿ ಸ್ಕೇಟಿಂಗ್ ರಿಂಕ್ ಇವೆ. ಪುಟ್ಟ ಮೃಗಾಲಯ ವರ್ಷವಿಡೀ ಉಚಿತ. ಗ್ರೆನೇಡಿಯರ್ ಕೆರೆ ಹೆಪ್ಪುಗಟ್ಟಿದಂತೆ ಕಂಡರೂ ಅದರ ಮೇಲೆ ಮಾತ್ರ ಕಾಲಿಡಬೇಡಿ. ಊರಿಂದ ಅಪ್ಪ-ಅಮ್ಮ ಬಂದಿದ್ದರೆ ದಾರಿಯಲ್ಲಿ ಏರಿಳಿತ ಜಾಸ್ತಿ ಎಂಬುದು ನೆನಪಿರಲಿ. ಬೆಂಚು ಕಂಡಲ್ಲೆಲ್ಲ ಕೂರಿಸಿ. ಬಾತುಕೋಳಿಗೆ ಕಾಳು ಹಾಕುವುದು ನಮಗೆ ಪುಣ್ಯದ ಕೆಲಸ, ಇಲ್ಲಿ ಅದಕ್ಕೆ ದಂಡ ಬೀಳಬಹುದು. ಹಿರಿಯರಿಗೆ ಮೊದಲೇ ಹೇಳಿಟ್ಟಿರಿ.

ಸಾಮಾನ್ಯವಾಗಿ ಏಪ್ರಿಲ್ ಕೊನೆ, ಮೇ ಮೊದಲ ವಾರದಲ್ಲಿ ಸಕುರಾ, ಅಂದರೆ ಜಪಾನಿನ ಚೆರ್ರಿ ಹೂವು, ಅರಳುತ್ತದೆ. ಮೊದಲ ಗಿಡಗಳು 1959ರಲ್ಲಿ ಟೋಕಿಯೊ ಜನರ ಕಾಣಿಕೆಯಾಗಿ ಬಂದವು. ಎರಡನೇ ಮಹಾಯುದ್ಧದ ನಂತರ ಜಪಾನಿ ಮೂಲದ ಕೆನಡಿಯನ್ನರಿಗೆ ಟೊರಾಂಟೊ ನೆಲೆ ಕೊಟ್ಟಿದ್ದಕ್ಕೆ ಕೃತಜ್ಞತೆ. ಹೂ ಅರಳಿದಾಗ ವಿಪರೀತ ಜನ. ಬೆಳಗ್ಗೆ ಎಂಟರೊಳಗೆ ಹೋಗಿ. ಫೋಟೊಗಾಗಿ ಕೊಂಬೆ ಬಗ್ಗಿಸಬೇಡಿ. ವಸಂತದಲ್ಲಿ ಒಮ್ಮೊಮ್ಮೆ ಹೊಗೆ ಕಂಡರೂ ಗಾಬರಿ ಬೇಡ: ಅಪರೂಪದ ಕಪ್ಪು ಓಕ್ ಮರಗಳ ಹುಲ್ಲುಗಾಡು ಉಳಿಯಲೆಂದು ನಗರಾಡಳಿತವೇ ಎಚ್ಚರದಿಂದ ಬೆಂಕಿ ಹಾಕಿಸುತ್ತದೆ.

ನಾಲ್ಕಾರು ಮನೆಯವರು ಸೇರಿ ಚಿತ್ರಾನ್ನ, ಮೊಸರನ್ನದ ಡಬ್ಬಿ ಕಟ್ಟಿಕೊಂಡು ಹೋಗುವುದಾದರೆ ತಲೆ ಎಣಿಸಿ. 25ಕ್ಕಿಂತ ಹೆಚ್ಚಾದರೆ ಪಿಕ್ನಿಕ್ ಪರ್ಮಿಟ್ ಬೇಕು. ಬೇಸಿಗೆಯ ವಾರಾಂತ್ಯಗಳು ಬೇಗ ಭರ್ತಿಯಾಗುತ್ತವೆ, ಆದ್ದರಿಂದ ಮೊದಲೇ ನಗರಾಡಳಿತದ ಸಹಾಯವಾಣಿ 311ಕ್ಕೆ ಫೋನ್ ಮಾಡಿ ವಿಚಾರಿಸಿ.