ಹಳೆಯ ಚಿತ್ರ ನೋಡುವ ಮುಂಚೆ ಅದರ ಪ್ರತಿ ನೋಡಿ

ಒಂದು ಕಾಲಕ್ಕೆ ಥಿಯೇಟರಿನಲ್ಲಿ ಜನರನ್ನು ನಡುಗಿಸಿದ ದೆವ್ವದ ಚಿತ್ರ ಈಗ ನೋಡಿದರೆ ನಗು ಬರುತ್ತದೆ ಅನ್ನುವ ಮಾತು ಆಗಾಗ ಕೇಳುತ್ತೇವೆ. ಬಹುಪಾಲು ಆ ದೂರು ನಮಗೆ ಸಿಕ್ಕ ಪ್ರತಿಯ, ಅಂದರೆ ಆ ಪ್ರಿಂಟ್, ಡಿಸ್ಕ್ ಅಥವಾ ಫೈಲಿನ ತಲೆಗೆ ಹೋಗಬೇಕಾದದ್ದು. ವೇಗ ಹೆಚ್ಚಾಗಿರುತ್ತದೆ, ಚಿತ್ರದ ಎರಡೂ ಅಂಚು ಕತ್ತರಿಸಿರುತ್ತದೆ, ಕತ್ತಲೆ ಬೂದಿಬಣ್ಣಕ್ಕೆ ತಿರುಗಿರುತ್ತದೆ, ನಡುವೆ ಹತ್ತು ನಿಮಿಷ ಮಾಯವಾಗಿರುತ್ತದೆ. ಮರೆತುಹೋದ ಸಾಮಾಜಿಕ ಚಿತ್ರಗಳಿಗಂತೂ ಇನ್ನೂ ಕಷ್ಟ. ಭಯದ ಚಿತ್ರಕ್ಕೆ ಹುಡುಕಿಕೊಂಡು ಬರುವ ಅಭಿಮಾನಿಗಳಾದರೂ ಇರುತ್ತಾರೆ. ಇವಕ್ಕೆ ಸಿಕ್ಕ ಒಂದೇ ಹಾಳು ಪ್ರತಿಯೇ ಕೊನೆಯ ತೀರ್ಪಾಗಿಬಿಡುತ್ತದೆ. ಅದಕ್ಕೇ ನಾನು ಯಾವ ಹಳೆಯ ಚಿತ್ರವನ್ನೂ ನೋಡಲು ಕೂರುವ ಮುಂಚೆ ಅರ್ಧ ಗಂಟೆ ಅದರ ಪ್ರತಿಯನ್ನು ತಪಾಸಣೆ ಮಾಡುತ್ತೇನೆ.

ಮೊದಲು ಅವಧಿ. ಭಾರತದ ಚಿತ್ರವಾದರೆ ಬೇಕಾದ ಅಳತೆ ಮೊದಲ ಕೆಲವು ಸೆಕೆಂಡಿನಲ್ಲೇ ಇರುತ್ತದೆ. ಸೆನ್ಸಾರ್ ಸರ್ಟಿಫಿಕೇಟ್ ಬಂದ ಕೂಡಲೇ ಚಿತ್ರ ನಿಲ್ಲಿಸಿ. ಚಿತ್ರದ ಉದ್ದ ಮೀಟರಿನಲ್ಲಿ, ಪಕ್ಕದಲ್ಲೇ ಎಷ್ಟು ರೀಲು ಎಂದು ಇರುತ್ತದೆ. 35 ಎಂ.ಎಂ. ಫಿಲ್ಮಿನಲ್ಲಿ ಒಂದು ಅಡಿಗೆ 16 ಚೌಕಟ್ಟು (ಫ್ರೇಮ್). ಸೆಕೆಂಡಿಗೆ 24 ಚೌಕಟ್ಟು ಓಡಿದರೆ ನಿಮಿಷಕ್ಕೆ 90 ಅಡಿ, ಅಂದರೆ 27.4 ಮೀಟರ್. ಮೀಟರ್ ಲೆಕ್ಕವನ್ನು 27.4ರಿಂದ ಭಾಗಿಸಿದರೆ ನಿಜವಾದ ಅವಧಿ ಸಿಗುತ್ತದೆ. 4,000 ಮೀಟರ್ ಎಂದಿದ್ದರೆ 146 ನಿಮಿಷ. ಸರ್ಟಿಫಿಕೇಟಿನ ಎಡ ಕೆಳಮೂಲೆಯಲ್ಲಿ ತ್ರಿಕೋನ ಇದ್ದರೆ ಮಂಡಳಿಯೇ ಕತ್ತರಿ ಹಾಕಿಸಿದೆ ಎಂದರ್ಥ. ಭಯದ ಚಿತ್ರಗಳಲ್ಲಿ ಇದನ್ನು ಮರೆಯದೆ ಗುರುತು ಮಾಡಿಕೊಳ್ಳಿ. ವಿಡಿಯೊಗೆಂದೇ ಪಡೆದ ಬೇರೆ ಸರ್ಟಿಫಿಕೇಟ್ ಅಂಟಿಸಿದ್ದರೆ ಈ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ.

ಈಗ ನಿಮ್ಮ ಪ್ರತಿ 140 ನಿಮಿಷವಷ್ಟೇ ಇದೆ ಅನ್ನಿ. ಆರು ನಿಮಿಷ ಕತ್ತರಿಸಿದ್ದಾರೆ ಎಂದು ತೀರ್ಮಾನಿಸಬೇಡಿ. ನಮ್ಮ ಟೀವಿ, ವಿಡಿಯೊ ಕ್ಯಾಸೆಟ್, ವಿಸಿಡಿ ಎಲ್ಲ ಪಾಲ್ ಪದ್ಧತಿಯವು, ಸೆಕೆಂಡಿಗೆ 25 ಚೌಕಟ್ಟು. 24ರ ಚಿತ್ರವನ್ನು ನೇರವಾಗಿ 25ಕ್ಕೆ ಓಡಿಸಿದರೆ ನೂರಕ್ಕೆ ನಾಲ್ಕರಷ್ಟು ಬೇಗ ಮುಗಿಯುತ್ತದೆ. 146ನ್ನು 0.96ರಿಂದ ಗುಣಿಸಿ, ಸರಿಯಾಗಿ 140. ಚಿತ್ರ ಪೂರ್ತಿ ಇದೆ, ಓಟ ಜಾಸ್ತಿ ಅಷ್ಟೇ. ಆದರೆ ಧ್ವನಿಯೂ ಏರಿರುತ್ತದೆ, ಹಾರ್ಮೋನಿಯಂನಲ್ಲಿ ಬಿಳಿ ಒಂದರಿಂದ ಕಪ್ಪು ಒಂದಕ್ಕೆ ಇರುವ ಅಂತರದ ಮುಕ್ಕಾಲು ಪಾಲಿಗೆ ಹತ್ತಿರ. ಗಂಭೀರ ಕಂಠದ ನಟನ ದನಿ ತೆಳ್ಳಗಾಗುವುದು ಇದರಿಂದಲೇ. ಪರೀಕ್ಷಿಸಲು ಚಿತ್ರದ ಒಂದು ಹಾಡನ್ನು ಅದೇ ಹಾಡಿನ ಆಡಿಯೊ ಜೊತೆ ಶ್ರುತಿಪೆಟ್ಟಿಗೆಯಲ್ಲಿ ಹೋಲಿಸಿ. ಏರಿದ್ದರೆ ಕಂಪ್ಯೂಟರಿನಲ್ಲಿ ವಿಡಿಯೊ ಓಡಿಸುವ ಎಂಪಿವಿ ಪ್ಲೇಯರಿನಲ್ಲಿ ವೇಗವನ್ನು 0.96 ಮಾಡಿ, ಪಿಚ್ (ಶ್ರುತಿ) ತಿದ್ದುವ ಆಯ್ಕೆಯನ್ನು ಆಫ್ ಮಾಡಿ. ಆ ಆಯ್ಕೆ ಆನ್ ಇದ್ದರೆ ವೇಗ ಇಳಿದರೂ ದನಿ ಏರಿದ ಜಾಗದಲ್ಲೇ ನಿಲ್ಲುತ್ತದೆ. ಪ್ರತಿ ಮಾಡಿದವರು ಮೊದಲೇ ಶ್ರುತಿ ತಿದ್ದಿದ್ದರೆ ಆಗ ಆ ಆಯ್ಕೆ ಆನ್ ಇರಲಿ.

ಅದೇ ಚಿತ್ರ 128 ನಿಮಿಷಕ್ಕೆ ಮುಗಿದರೆ ಮಾತ್ರ ನಿಜಕ್ಕೂ ಏನೋ ಹೋಗಿದೆ. ನಮ್ಮ ಚಿತ್ರಗಳಲ್ಲಿ ಮೊದಲು ಹೋಗುವುದು ಹಾಡು, ಆಮೇಲೆ ಹಾಸ್ಯದ ಭಾಗ. ಥಿಯೇಟರ್ ಮುಂದೆ ಮಾರುತ್ತಿದ್ದ ಪದ್ಯಾವಳಿ (ಚಿತ್ರದ ಹಾಡಿನ ಪುಸ್ತಕ) ಸಿಕ್ಕರೆ ಇಲ್ಲಿ ಚಿನ್ನ: ಹಾಡುಗಳ ಪಟ್ಟಿ, ಪಾತ್ರವರ್ಗ, ಅರ್ಧ ಕಥೆ, ಕೊನೆಗೆ ‘ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿರಿ’. ಹಾಡುಗಳಿಗೆ ಒಂದೊಂದಾಗಿ ಗುರುತು ಹಾಕುತ್ತ ಹೋದರೆ ಎಲ್ಲಿ ಕತ್ತರಿ ಬಿದ್ದಿದೆ ಎಂದು ತಿಳಿಯುತ್ತದೆ. ಇನ್ನೊಂದು ಸವೆತ ರೀಲಿನ ತುದಿಯಲ್ಲಿ. ಒಂದೊಂದು ರೀಲಿನ ಆರಂಭ ಮತ್ತು ಕೊನೆ ಪ್ರೊಜೆಕ್ಟರಿನ ಕೈಗೆ ಹೆಚ್ಚು ಸಿಕ್ಕುವ ಜಾಗ. ಹರಿದಾಗ ಕತ್ತರಿಸಿ ಅಂಟಿಸುತ್ತಾರೆ, ಹೀಗೆ ಒಂದೊಂದು ಸಲಕ್ಕೆ ಒಂದಿಷ್ಟು ಚೌಕಟ್ಟು ಹೋಗುತ್ತದೆ. ಮೇಲಿನ ಬಲಮೂಲೆ ನೋಡುತ್ತಿರಿ. ರೀಲು ಮುಗಿಯಲು ಸುಮಾರು 8 ಸೆಕೆಂಡ್ ಇರುವಾಗ ಒಂದು ಚುಕ್ಕೆ, ಕೊನೆಗೆ ಒಂದು ಸೆಕೆಂಡ್ ಇರುವಾಗ ಇನ್ನೊಂದು. ಮೊದಲ ಚುಕ್ಕೆ ಬಂದು ಎರಡನೆಯದು ಬಾರದೆ ದೃಶ್ಯ ಹಾರಿದರೆ ಆ ರೀಲಿನ ಕೊನೆಯಲ್ಲಿ ಏಳೆಂಟು ಸೆಕೆಂಡಿನವರೆಗೆ ನಷ್ಟ. ಸಂಕಲನ ಒರಟಾಗಿದೆ ಎಂದು ಟೀಕಿಸಿದ ಎಷ್ಟೋ ಜಾಗಗಳು ಹೀಗೆ ರೀಲು ಬದಲಾಗುವ ಜಾಗಗಳು.

ಹೊರದೇಶದ ಚಿತ್ರಗಳಲ್ಲಿ ಒಂದೇ ಹೆಸರಿನ ಬೇರೆ ಬೇರೆ ಆವೃತ್ತಿಗಳದ್ದೇ ತಲೆನೋವು. ‘ದಿ ವಿಕರ್ ಮ್ಯಾನ್’ 1973ರಲ್ಲಿ ಬ್ರಿಟನ್ನಿನ ಥಿಯೇಟರುಗಳಿಗೆ ಬಂದದ್ದು ಸುಮಾರು 88 ನಿಮಿಷ. 2013ರಲ್ಲಿ ಹೊರಬಂದ ಆವೃತ್ತಿ 94 ನಿಮಿಷ. ಜಾರ್ಜ್ ರೊಮೆರೊ ಅವರ ‘ನೈಟ್ ಆಫ್ ದ ಲಿವಿಂಗ್ ಡೆಡ್’ (1968) ಕಥೆ ಇನ್ನೂ ವಿಚಿತ್ರ. ಬಿಡುಗಡೆಯ ಹೊತ್ತಿಗೆ ಹೆಸರು ಬದಲಿಸಿದಾಗ ಶೀರ್ಷಿಕೆಯ ಜೊತೆಗಿದ್ದ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಯಿತು. ಆಗಿನ ಅಮೆರಿಕದ ಕಾನೂನಿನಲ್ಲಿ ಅಷ್ಟಕ್ಕೇ ಚಿತ್ರ ಸಾರ್ವಜನಿಕರ ಸೊತ್ತಾಯಿತು. ಯಾರು ಬೇಕಾದರೂ ಪ್ರತಿಯ ಪ್ರತಿ, ಅದರ ಪ್ರತಿ ಮಾಡಿ ಮಾರಿದರು. ಬಣ್ಣ ಬಳಿದದ್ದಿದೆ, 1999ರಲ್ಲಿ ಹೊಸ ದೃಶ್ಯ ಸೇರಿಸಿದ್ದೂ ಇದೆ. ಇವೆರಡನ್ನೂ ಬಿಡಿ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮತ್ತು ಫಿಲ್ಮ್ ಫೌಂಡೇಶನ್ ಮೂಲ ನೆಗೆಟಿವ್‌ನಿಂದ ಮಾಡಿಸಿದ ಪ್ರತಿ 2016ರಲ್ಲಿ ಬಂದಿದೆ, 96 ನಿಮಿಷ, ಅದನ್ನೇ ನೋಡಿ. ವ್ಯತ್ಯಾಸ ಎಲ್ಲಿ ಹೊಡೆಯುತ್ತದೆ ಗೊತ್ತೆ? ಕೊನೆಯಲ್ಲಿ. ಚಿತ್ರ ಮುಗಿಯುವಾಗ ಓಡುವ ದೃಶ್ಯ ನಿಂತು, ಪತ್ರಿಕೆಯಲ್ಲಿ ಅಚ್ಚಾದಂತೆ ಕಾಳುಕಾಳಾದ ಸ್ಥಿರಚಿತ್ರಗಳು ಬರುತ್ತವೆ. ಅಲ್ಲಿಯವರೆಗೂ ಮನುಷ್ಯನಾಗಿ ಕಂಡ ನಾಯಕ ಸುದ್ದಿಯ ಫೋಟೊ ಆಗಿಬಿಡುತ್ತಾನೆ. ಹಾಳು ಪ್ರತಿಯಲ್ಲಿ ಇಡೀ ಚಿತ್ರವೇ ಹಾಗೆ ಕಾಳುಕಾಳಾಗಿರುವುದರಿಂದ ಆ ಪೆಟ್ಟು ಬೀಳುವುದೇ ಇಲ್ಲ.

ಮೂಕಿ ಚಿತ್ರಗಳಲ್ಲಿ ವೇಗ, ಬಣ್ಣ ಎರಡೂ ನೋಡಬೇಕು. ಮುರ್ನಾವ್ ಅವರ ‘ನೊಸ್ಫೆರಾಟು’ (1922) ಸೆಕೆಂಡಿಗೆ 18 ಚೌಕಟ್ಟಿನಲ್ಲಿ 94 ನಿಮಿಷ. 24ಕ್ಕೆ ಓಡಿಸಿದರೆ 70 ನಿಮಿಷದಲ್ಲಿ ಮುಗಿಯುತ್ತದೆ, ಭೂತ ಬಸ್ಸು ತಪ್ಪಿಸಿಕೊಂಡವನಂತೆ ಓಡುತ್ತದೆ. ಬಣ್ಣದ್ದು ಇನ್ನೂ ಮುಖ್ಯ. ರಾತ್ರಿಯ ಹೊರಾಂಗಣ ದೃಶ್ಯಗಳನ್ನು ಆಗ ಹಗಲಿನಲ್ಲೇ ಚಿತ್ರೀಕರಿಸಿ ಪ್ರಿಂಟಿಗೆ ನೀಲಿ ಬಣ್ಣ ಕೊಡುತ್ತಿದ್ದರು. ಬರೀ ಕಪ್ಪುಬಿಳುಪು ಪ್ರತಿಯಲ್ಲಿ ರಕ್ತಪಿಪಾಸು ಶವಪೆಟ್ಟಿಗೆ ಹೊತ್ತು ಬಟಾಬಯಲಿನ ಬಿಸಿಲಲ್ಲಿ ಊರೊಳಗೆ ನಡೆಯುತ್ತಾನೆ. ಸೂರ್ಯನ ಬೆಳಕಿಗೆ ಸಾಯುವವನು ಬಿಸಿಲಲ್ಲಿ ನಡೆದರೆ ಕಥೆಗೆ ಅರ್ಥವೇ ಇಲ್ಲ. ಜರ್ಮನಿಯ ಮುರ್ನಾವ್ ಪ್ರತಿಷ್ಠಾನ 2006ರಲ್ಲಿ ಪೂರ್ಣಗೊಳಿಸಿದ ಪ್ರತಿಯಲ್ಲಿ ಈ ಬಣ್ಣಗಳು ಮರಳಿವೆ.

ಚೌಕಟ್ಟಿನ ಅಳತೆಗೆ ಟೇಪು ಸಾಕು. ಗಡಿಯಾರ, ಚಕ್ರ, ತಟ್ಟೆ ಹೀಗೆ ದುಂಡಗಿನ ವಸ್ತು ನೇರಕ್ಕೆ ಕಂಡಾಗ ನಿಲ್ಲಿಸಿ ಅಗಲ ಎತ್ತರ ಅಳೆಯಿರಿ. ಎರಡೂ ಸಮ ಇರಬೇಕು. 43 ಇಂಚಿನ ಟೀವಿಯ ಪರದೆ ಸುಮಾರು 95 ಸೆಂ.ಮೀ. ಅಗಲ, 53.5 ಸೆಂ.ಮೀ. ಎತ್ತರ, ಅದರಲ್ಲಿ 4:3 ಅಳತೆಯ (ಅಗಲ 4 ಪಾಲು, ಎತ್ತರ 3 ಪಾಲು) ಚಿತ್ರ 71 ಸೆಂ.ಮೀ. ಅಗಲ ಮಾತ್ರ ಬರಬೇಕು, ಎರಡೂ ಬದಿ ಕಪ್ಪು ಪಟ್ಟಿ ಉಳಿಯಬೇಕು. ಪಟ್ಟಿ ಇಷ್ಟವಿಲ್ಲವೆಂದು ಎಳೆದು ತುಂಬಿಸಿದರೆ ಎಲ್ಲರ ಮುಖವೂ ಮೂರನೇ ಒಂದು ಪಾಲು ಅಗಲವಾಗುತ್ತದೆ. ಸಿನಿಮಾಸ್ಕೋಪ್‌ ಅಳತೆಯ ಚಿತ್ರ ಟೀವಿಗಾಗಿ 4:3ಕ್ಕೆ ಕತ್ತರಿಸಿದ್ದರೆ ನೂರಕ್ಕೆ 43 ಪಾಲು ಚಿತ್ರ ಹೊರಗೆ ಹೋಗಿರುತ್ತದೆ. ರಾಬರ್ಟ್ ವೈಸ್ ಅವರ ‘ದಿ ಹಾಂಟಿಂಗ್’ (1963) ದೆವ್ವವನ್ನು ತೋರಿಸದೆ ಗೋಡೆ, ಬಾಗಿಲು, ಖಾಲಿ ಮೂಲೆಗಳಿಂದಲೇ ಹೆದರಿಸುವ ಚಿತ್ರ. ಆ ಮೂಲೆಗಳನ್ನೇ ಕತ್ತರಿಸಿದರೆ ಉಳಿಯುವುದು ಮಾತಾಡುವ ಮುಖಗಳು.

ಕನ್ನಡದ ವಿಷಯಕ್ಕೆ ಬಂದರೆ ಅನೇಕ ಚಿತ್ರಗಳಿಗೆ ಇವತ್ತಿಗೂ ವಿಸಿಡಿಯೇ ಗತಿ. ಒಂದು ಡಿಸ್ಕಿಗೆ 74 ನಿಮಿಷ, ಚಿತ್ರ 352 ಗುಣಿಸು 288 ಚುಕ್ಕೆ (ಪಿಕ್ಸೆಲ್). ಕೊಳ್ಳುವಾಗ ಡಿಸ್ಕನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕು ತೂರಿದರೆ ಲೋಹದ ಪದರ ಹೋಗಿದೆ, ಬಿಡಿ. ಕೆಳಮೈಯ ಗೀರಿಗಿಂತ ಲೇಬಲ್ ಕಡೆಯ ಗೀರು ಅಪಾಯ, ಯಾಕೆಂದರೆ ಲೋಹದ ಪದರ ಇರುವುದು ಲೇಬಲ್ಲಿನ ಅಡಿಯಲ್ಲೇ. ಕೆಳಮೈಯಲ್ಲಿ ನಡುವಿನಿಂದ ಹೊರಕ್ಕೆ ಇರುವ ಗೀರು ಅಷ್ಟು ತೊಂದರೆ ಕೊಡದು. ಸುತ್ತ ವೃತ್ತಾಕಾರವಾಗಿ ಹೋಗುವ ಗೀರು ಒಂದೇ ಜಾಡನ್ನು ಉದ್ದಕ್ಕೂ ತಿಂದುಹಾಕುತ್ತದೆ. ತೊಳೆಯಲು ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ, ಮೆತ್ತಗಿನ ಬಟ್ಟೆ, ನಡುವಿನಿಂದ ಅಂಚಿಗೆ ನೇರ ಒರೆಸು. ಸುತ್ತಲೂ ಉಜ್ಜಬೇಡಿ.

ಸಾಮಾನ್ಯ ಡೇಟಾ ಸಿಡಿಯಲ್ಲಿ ಒಂದು ಸೆಕ್ಟರಿಗೆ (ಡಿಸ್ಕಿನ ಒಂದು ಚಿಕ್ಕ ಭಾಗಕ್ಕೆ) 2,048 ಬೈಟ್, ಉಳಿದ ಜಾಗ ತಪ್ಪು ತಿದ್ದುವ ಮಾಹಿತಿಗೆ. ವಿಸಿಡಿ ಮಾಡಿದವರು ಆ ಜಾಗವನ್ನೂ ಚಿತ್ರಕ್ಕೇ ಬಳಸಿ 2,324 ಬೈಟ್ ತುಂಬಿದರು. ಅದಕ್ಕೇ ಬೇರೆ ಸಿಡಿ ಸಹಿಸುವ ಕಲೆ ವಿಸಿಡಿಯಲ್ಲಿ ಚೌಕಚೌಕವಾಗಿ ಒಡೆಯುತ್ತದೆ, ಡಿಸ್ಕಿನಿಂದ ಫೈಲನ್ನು ಎಳೆದು ಕಾಪಿ ಮಾಡಲು ಹೋದರೆ ಮಧ್ಯದಲ್ಲೇ ನಿಲ್ಲುತ್ತದೆ. ಐಸೊಬಸ್ಟರ್ ಅಥವಾ ಲಿನಕ್ಸಿನ ವಿಸಿಡಿ-ಎಕ್ಸ್-ರಿಪ್ ಎಂಬ ಸಾಫ್ಟ್ವೇರ್ ಬಳಸಿ, ಡ್ರೈವಿನ ವೇಗವನ್ನು 4ಕ್ಕೆ ಇಳಿಸಿ. ಒಂದು ಡ್ರೈವ್ ಓದದ ಜಾಗವನ್ನು ಇನ್ನೊಂದು ಓದುವುದುಂಟು. ಹಳೆಯ ಡೆಸ್ಕ್‌ಟಾಪಿನ ಡಿವಿಡಿ ರೈಟರ್ ಈ ಕೆಲಸಕ್ಕೆ ಒಳ್ಳೆಯದು. ಅದೇ ಚಿತ್ರದ ಎರಡು ಸೆಟ್ ಸಿಕ್ಕರೆ ಎರಡನ್ನೂ ತೆಗೆದು ಚೆನ್ನಾಗಿರುವ ಭಾಗಗಳನ್ನು ಜೋಡಿಸಬಹುದು. ಮೊದಲ ಡಿಸ್ಕ್ ಮುಗಿದು ಎರಡನೆಯದು ಶುರುವಾಗುವ ಜಾಗವನ್ನು ಕಣ್ಣಾರೆ ನೋಡಿ ಸೇರಿಸಿ, ಅಲ್ಲಿ ಕೆಲವು ಸೆಕೆಂಡ್ ಎರಡು ಸಲ ಬರುವುದು ಅಥವಾ ಬಿಟ್ಟುಹೋಗುವುದು ಸಾಮಾನ್ಯ. ಕೃತಕ ಬುದ್ಧಿಮತ್ತೆಯಿಂದ ಹೈ ಡೆಫಿನಿಷನ್ ಮಾಡುವ ಆಸೆಗೆ ಬೀಳಬೇಡಿ. 288 ಸಾಲಿನಲ್ಲಿ ಇಲ್ಲದ ಕಣ್ಣನ್ನು ಅದು ತಾನೇ ಊಹಿಸಿ ಬರೆಯುತ್ತದೆ, ಮುಖ ಮೇಣದ್ದಾಗುತ್ತದೆ.

ವಿಜಯ್ ನಿರ್ದೇಶಿಸಿದ ‘ನಾ ನಿನ್ನ ಬಿಡಲಾರೆ’ (1979) ನೋಡುವಾಗ ಇದು ಎದ್ದು ಕಾಣುತ್ತದೆ. ಆತ್ಮ ಮೈಮೇಲೆ ಬರುವುದು ಗಂಡಸಿನ ಮೇಲೆ, ಅನಂತನಾಗ್ ಅದನ್ನು ಕಣ್ಣು, ಕತ್ತು, ದನಿಯಲ್ಲೇ ಮಾಡುತ್ತಾರೆ. ಸಣ್ಣ ಪ್ರತಿಯಾದರೂ ಕೈಹಾಕದ ಪ್ರತಿಯಲ್ಲಿ ಆ ನಟನೆ ಉಳಿಯುತ್ತದೆ. ರಾಜನ್-ನಾಗೇಂದ್ರ ಅವರ ಹಾಡು ಹಾರಿಸಿದ ಪ್ರತಿ ಬೇಡವೇ ಬೇಡ. ಮೊದಲು ಹಾಡುಗಳಲ್ಲಿ ಕಥೆಯ ಗಂಡಹೆಂಡಿರ ಸುಖ ಕಾಣದಿದ್ದರೆ ಆಮೇಲೆ ಹಾಳಾಗುವುದೇನು?

ಟೀವಿಯನ್ನು ‘ವಿವಿಡ್’ನಿಂದ ‘ಸಿನಿಮಾ’ಕ್ಕೆ ಹಾಕಿ, ಚಲನೆ ನಯಗೊಳಿಸುವ ಸೌಲಭ್ಯ ಆಫ್ ಮಾಡಿ. ಲ್ಯಾಪ್‌ಟಾಪಿನಿಂದ ಎಚ್‌ಡಿಎಂಐ ಮೂಲಕ ನೋಡುವಾಗ ಕಪ್ಪು ಬೂದಿಯಂತೆ ಕಂಡರೆ ಲ್ಯಾಪ್‌ಟಾಪ್, ಟೀವಿ ಎರಡು ಕಡೆಯ ರೇಂಜ್ (ಕಪ್ಪುಬಿಳುಪಿನ ಮಿತಿ) ಹೊಂದಿಲ್ಲ. ಎರಡನ್ನೂ ‘ಲಿಮಿಟೆಡ್’ ಅಥವಾ ಎರಡನ್ನೂ ‘ಫುಲ್’ ಮಾಡಿ. ಆಮೇಲೆ ಅತಿ ಕತ್ತಲಿನ ದೃಶ್ಯದಲ್ಲಿ ನಿಲ್ಲಿಸಿ, ಕಪ್ಪು ಬಟ್ಟೆಯ ಮಡಿಕೆ ಕಾಣುವವರೆಗೆ ಬ್ರೈಟ್‌ನೆಸ್ ಏರಿಸಿ, ಎರಡು ಅಂಕ ಇಳಿಸಿ. ಗಿರೀಶ್ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) ಮಸುಕು ಪ್ರತಿಗಳಲ್ಲಿ ನಿಧಾನದ ಚಿತ್ರ ಅನ್ನಿಸಿಕೊಂಡದ್ದು ಕತ್ತಲೆ ಕೆಟ್ಟದ್ದರಿಂದ. ದೀಪ, ಪಂಜಿನ ಬೆಳಕಿನ ರಾತ್ರಿಗಳಲ್ಲಿ ಹುಡುಗನ ಕಣ್ಣಿಗೆ ಬಿದ್ದಷ್ಟೇ ನಮಗೂ ಕಾಣಬೇಕು, ಉಳಿದದ್ದು ಕಪ್ಪಾಗಿರಬೇಕು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಸರಿಪಡಿಸಿದ ಪ್ರತಿ 2024ರಲ್ಲಿ ವೆನಿಸ್‌ನಲ್ಲಿ ಪ್ರದರ್ಶನವಾಯಿತು. ಎಲ್ಲೇ ಪ್ರದರ್ಶನ ಇದ್ದರೂ ಹೋಗಿ ನೋಡಿ. ಯಾವ ದೆವ್ವದ ಚಿತ್ರಕ್ಕೂ ಕಡಿಮೆಯಿಲ್ಲದ ಭಯ ಅದರಲ್ಲಿದೆ.

ಧ್ವನಿಗೆ ಹೆಚ್ಚು ಮಾಡಬೇಕಿಲ್ಲ. ಸರೌಂಡ್, ನೈಟ್ ಮೋಡ್ ಎರಡೂ ಆಫ್. ಹಳೆಯ ಮೋನೊ ಧ್ವನಿಯ ಸುಯ್ ಶಬ್ದ ತೆಗೆಯಲು ಹೋಗಬೇಡಿ, ಜೊತೆಗೆ ‘ಸ’, ‘ಶ’ಗಳೂ ಹೋಗುತ್ತವೆ. ಗುಂಯ್ ಎನ್ನುವ 50 ಹರ್ಟ್ಸ್ ಗದ್ದಲ ಇದ್ದರೆ ಮೊದಲು ಪ್ಲಗ್ಗಿನ ಅರ್ಥಿಂಗ್ ನೋಡಿ, ಅದು ಚಿತ್ರದ್ದಾಗಿರಲಿಕ್ಕಿಲ್ಲ.

ನಾಲ್ಕು ಜನರನ್ನು ಕೂರಿಸಿ ಸಭಾಂಗಣದಲ್ಲಿ ತೋರಿಸುವುದಾದರೆ ಹಕ್ಕುದಾರರ ಅನುಮತಿ ಬೇಕು. ನಮ್ಮ ಕಾನೂನಿನಲ್ಲಿ ಚಿತ್ರದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. 1964ರ ಚಿತ್ರಗಳು 2025ರ ಜನವರಿ 1ಕ್ಕೆ ಹಕ್ಕಿನಿಂದ ಹೊರಬಂದವು.

ಕೊನೆಯದಾಗಿ ಮಧ್ಯಂತರ. ಡಿಸ್ಕ್ ಮಾಡುವವರು ‘ವಿರಾಮ’ದ ಫಲಕವನ್ನು ಕತ್ತರಿಸಿ ಎರಡು ಭಾಗ ಅಂಟಿಸುತ್ತಾರೆ. ಆದರೆ ನಮ್ಮ ಚಿತ್ರಗಳನ್ನು ಬರೆದದ್ದೇ ಆ ಜಾಗಕ್ಕೆ: ಬಾಗಿಲು ತೆರೆಯುತ್ತದೆ, ಯಾರೋ ಕಿರುಚುತ್ತಾರೆ, ದೀಪ ಹತ್ತುತ್ತದೆ. ಒಟ್ಟು ಮೀಟರಿನ ಅರ್ಧಕ್ಕೆ ಸ್ವಲ್ಪ ಆಚೀಚೆ ಇಂಥ ಜಾಗ ಹುಡುಕಿ, ಮೊದಲೇ ಸಮಯ ಬರೆದಿಟ್ಟುಕೊಳ್ಳಿ. ಅಲ್ಲಿ ನಿಲ್ಲಿಸಿ, ಲೈಟ್ ಹಾಕಿ, ಹತ್ತು ನಿಮಿಷ ಕಾಫಿ ಕುಡಿಯಿರಿ, ಮುಂದೇನಾಗುತ್ತದೆ ಎಂದು ಕೂತವರು ಜಗಳವಾಡಲಿ. ಆಮೇಲೆ ಲೈಟ್ ಆರಿಸಿ.