ಸರ್ ಎಂ.ವಿ. ಪುಟವನ್ನು ಐದು ಜನ ಸೇರಿ ನಿಲ್ಲಿಸಿದ್ದು

ಈ ಸಲದ ಸೆಪ್ಟೆಂಬರ್ 15, ಅಂದರೆ ವಿಶ್ವೇಶ್ವರಯ್ಯನವರ ಹುಟ್ಟುಹಬ್ಬವಾದ ಎಂಜಿನಿಯರ್ಸ್ ಡೇ, ಕಳೆಯಿತು. ಕನ್ನಡ ವಿಕಿಪೀಡಿಯದ ವಿಶ್ವೇಶ್ವರಯ್ಯನವರ ಪುಟದಲ್ಲಿ ಹುಟ್ಟಿದ ವರ್ಷವನ್ನು ಯಾರೂ ತಿದ್ದಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. "ಆ ಪುಟ ಮುಟ್ಟಬೇಡಿ, ಎಂಜಿನಿಯರ್ಸ್ ಡೇ ಬಂತು ಅಂದ್ರೆ ಎಲ್ಲ ಕಲಸಿಹೋಗುತ್ತೆ" ಅಂತ ಅನುಭವಸ್ಥರೇ ಹೇಳಿದ್ದರು.

ಮೊದಲ ಸಲ ನಾನೊಬ್ಬನೇ ಹೊರಟಿದ್ದೆ. ಎರಡು ಭಾನುವಾರ ಕೂತು ಇಡೀ ಪುಟ ಹೊಸದಾಗಿ ಬರೆದು ಒಂದೇ ಏಟಿಗೆ ಉಳಿಸಿದೆ. ಮಾರನೇ ದಿನ ಮಧ್ಯಾಹ್ನದೊಳಗೆ ಯಾರೋ ಪೂರ್ತಿ ರದ್ದು ಮಾಡಿದ್ದರು. ಅಷ್ಟು ದೊಡ್ಡ ಬದಲಾವಣೆಯನ್ನು ಸಾಲುಸಾಲಾಗಿ ನೋಡೋಕೆ ಯಾರಿಗೆ ಪುರುಸೊತ್ತಿರುತ್ತೆ?

ಎರಡನೇ ಸಲ ಐದು ಜನ ಆದೆವು. ಆಗ ಆದದ್ದು ಇನ್ನೂ ನೋವಿನ ವಿಷಯ. ಒಂದು ದಿನಪತ್ರಿಕೆಯ ಲೇಖನವನ್ನು ಆರು ಕಡೆ ಉಲ್ಲೇಖವಾಗಿ ಕೊಟ್ಟಿದ್ದೆವು. ಒಂದು ರಾತ್ರಿ ಅದನ್ನು ಮತ್ತೆ ಓದುವಾಗ ಒಂದು ವಾಕ್ಯ ಎಲ್ಲೋ ನೋಡಿದ್ದು ಅನಿಸಿತು. ಪುಟದ ಹಳೇ ಬದಲಾವಣೆಗಳೆಲ್ಲ ಇರುವ 'ಇತಿಹಾಸ' ತೆಗೆದು ನೋಡಿದರೆ ಅದು ನಾನೇ ಮೂರು ವರ್ಷದ ಹಿಂದೆ ಉಲ್ಲೇಖವಿಲ್ಲದೆ ಹಾಕಿದ್ದ ಸಾಲು! ಅವರು ನಮ್ಮಿಂದ ತಗೊಂಡಿದ್ದಾರೆ, ನಾವು ಅವರಿಂದ ತಗೊಂಡಿದ್ದೇವೆ. ಆರನ್ನೂ ಕಿತ್ತೆವು. ಅರ್ಧ ಪುಟ ಬೋಳಾಯಿತು.

ಆಮೇಲೆ ಜೇಬಿಗೆ ಕೈ ಹಾಕಿದೆವು. 1951ರಲ್ಲಿ ಬಂದ ವಿಶ್ವೇಶ್ವರಯ್ಯನವರದೇ ಇಂಗ್ಲಿಷ್ ಆತ್ಮಕಥನದ ಹಳೇ ಪ್ರತಿಗೆ ಅವೆನ್ಯೂ ರಸ್ತೆಯಲ್ಲಿ ಸುಮಾರು 600 ರೂಪಾಯಿ. ಮಂಡ್ಯದಿಂದ ಬೆಂಗಳೂರಿಗೆ ಮೂರು ಸಲ ಓಡಾಟ, ಹಳೆಯ ಗೆಜೆಟಿಯರ್‌ಗಳ ಜೆರಾಕ್ಸ್, ಸ್ಕ್ಯಾನಿಂಗು. ಒಟ್ಟು ಮೂರು ಸಾವಿರದ ಮೇಲೆ ಆಯಿತು, ಲೆಕ್ಕ ಸರಿಯಾಗಿ ಇಟ್ಟಿಲ್ಲ. ಅವರು ತೀರಿಕೊಂಡದ್ದು 1962ರಲ್ಲಿ. ನಮ್ಮ ಕಾನೂನಿನ 60 ವರ್ಷ ಮುಗಿದು 2023ರಿಂದ ಅವರ ಬರಹಕ್ಕೆ ಭಾರತದಲ್ಲಿ ಹಕ್ಕುಸ್ವಾಮ್ಯ ಇಲ್ಲ. ಹಾಗಾಗಿ ಧೈರ್ಯವಾಗಿ ಇಡೀ ಪುಸ್ತಕ ಸ್ಕ್ಯಾನ್ ಮಾಡಿಸಿ ಐದೂ ಜನರಿಗೆ ಹಂಚಿದೆ. ಕೆಲಸ ಓಡಿದ್ದೇ ಅಲ್ಲಿಂದ.

ಕ್ರಮ ಇಷ್ಟೇ. ಒಬ್ಬರು ವಾಕ್ಯ ಬರೆದು, ಲೇಖನದ ಬಗ್ಗೆ ಸಂಪಾದಕರು ಮಾತಾಡಿಕೊಳ್ಳುವ ಚರ್ಚೆ ಪುಟದಲ್ಲಿ ಇಡಬೇಕು. ಇನ್ನೊಬ್ಬರು ಪುಸ್ತಕದ ಆ ಪುಟ ತೆಗೆದು ತಾಳೆ ನೋಡಬೇಕು. ಮೂರನೆಯವರು ಲೇಖನಕ್ಕೆ ಏರಿಸಬೇಕು. ಬರೆದವರೇ ತಾಳೆ ನೋಡುವ ಹಾಗಿಲ್ಲ. ದಿನಕ್ಕೆ ನಾಲ್ಕೈದು ವಾಕ್ಯ, ಜಾಸ್ತಿ ಬೇಡ. "ಹೀಗಾದ್ರೆ ಮೊಮ್ಮಕ್ಕಳ ಕಾಲಕ್ಕೆ ಮುಗಿಯುತ್ತೆ" ಅಂದವರಿದ್ದರು. ಏಳು ತಿಂಗಳಿಗೆ ಮುಗಿಸಿದೆವು.

ಅತಿ ಹೆಚ್ಚು ಹೊತ್ತು ತಿಂದದ್ದು ಕನ್ನಂಬಾಡಿ ಕಟ್ಟೆಯ ಸಾಲು. "ವಿಶ್ವೇಶ್ವರಯ್ಯನವರು ಕೆಆರ್‌ಎಸ್ ಕಟ್ಟಿದರು" ಅಂತ ಇತ್ತು. ಕಟ್ಟಿಸಿದ್ದು ನಾಲ್ವಡಿಯವರು ಅಂತ ಒಬ್ಬರು ತಿದ್ದುವುದು, ಇನ್ನೊಬ್ಬರು ಅಳಿಸುವುದು. ಮಂಡ್ಯದವನಾದ ನನಗೆ ಇಬ್ಬರೂ ದೇವರೇ. ಕೊನೆಗೆ ಆ ಒಂದು ಸಾಲನ್ನು ನಾಲ್ಕಾಗಿ ಒಡೆದೆವು. 1911ರಲ್ಲಿ ಕೆಲಸ ಶುರುವಾದಾಗ ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್. 1912ರಲ್ಲಿ ದಿವಾನರಾದರು. ಆಗ ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರು. 1918ರಲ್ಲಿ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟ ಮೇಲೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ನಡೆಯಿತು. ಒಂದೊಂದು ಸಾಲಿಗೂ ಒಂದೊಂದು ಉಲ್ಲೇಖ. 'ಕಟ್ಟಿದರು' ಅನ್ನೋ ಪದವೇ ಹೋಯಿತು, ಜಗಳವೂ ಹೋಯಿತು. ದಿವಾನಗಿರಿ ಬಿಟ್ಟ ಕಾರಣವನ್ನೂ ಮುಚ್ಚಿಡಲಿಲ್ಲ. ಹಿಂದುಳಿದವರ ಮೀಸಲಾತಿ ವಿಚಾರದಲ್ಲಿ ಅವರಿಗಿದ್ದ ಭಿನ್ನಾಭಿಪ್ರಾಯ, ಆ ವಿಚಾರ ನೋಡಲು ಸಂಸ್ಥಾನ ನೇಮಿಸಿದ್ದ ಮಿಲ್ಲರ್ ಸಮಿತಿ, ಎರಡೂ ಪುಟದಲ್ಲಿವೆ. ದೊಡ್ಡವರ ಪುಟ ಅಂದ ಮಾತ್ರಕ್ಕೆ ಬರೀ ಹಾರ ಹಾಕಬಾರದು ಅಲ್ವಾ?

ಇನ್ನು ಹುಟ್ಟಿದ ವರ್ಷ. ಅಂಚೆ ಇಲಾಖೆ 1960ರ ಸೆಪ್ಟೆಂಬರ್ 15ಕ್ಕೇ ಜನ್ಮಶತಮಾನೋತ್ಸವದ ಅಂಚೆಚೀಟಿ ತಂದಿದೆ. ಆ ಲೆಕ್ಕದಲ್ಲಿ 1860. ಬಹಳಷ್ಟು ಪುಸ್ತಕಗಳಲ್ಲಿ 1861. ಎರಡನ್ನೂ ಬರೆದು, ಪಕ್ಕದಲ್ಲೇ ಕಾಣದ ಟಿಪ್ಪಣಿ ಹಾಕಿದೆ. ಓದುಗರಿಗೆ ಅದು ಕಾಣಲ್ಲ, 'ಸಂಪಾದಿಸಿ' ಒತ್ತಿದವರಿಗೆ ಕಣ್ಣಿಗೆ ಹೊಡೆಯುತ್ತೆ: "ದಯವಿಟ್ಟು ನಿಲ್ಲಿ, ಮೊದಲು ಚರ್ಚೆ ಪುಟ ನೋಡಿ." ಆ ಟಿಪ್ಪಣಿಯ ಮಾತನ್ನು ಎಂಟು ಹತ್ತು ಸಲ ಬದಲಿಸಿದ್ದೇನೆ. ಗದರಿಸಿದರೆ ಜನ ಕೇಳಲ್ಲ, 'ದಯವಿಟ್ಟು' ಅಂದರೆ ಕೇಳ್ತಾರೆ. ವಿಕಿಪೀಡಿಯದ ಜೊತೆಗಿರುವ ಮಾಹಿತಿ ಕಣಜ ವಿಕಿಡೇಟಾದಲ್ಲೂ ಎರಡೂ ಇಸವಿ ಹಾಕಿ ನೋಡಿದೆ. ಅದು ಎರಡನ್ನೂ ಇಟ್ಟುಕೊಳ್ಳುತ್ತೆ, ತುಂಬ ಅನುಕೂಲ.

ಧ್ವನಿ ಟೈಪಿಂಗೂ ಪ್ರಯತ್ನಿಸಿದೆವು. ಮಾಮೂಲಿ ವಾಕ್ಯ ಚೆನ್ನಾಗಿ ಬರುತ್ತೆ, ಪುಣೆ ಹತ್ತಿರದ ಅಣೆಕಟ್ಟಿನ ಹೆಸರು 'ಖಡಕ್‌ವಾಸ್ಲಾ' ಅಂದರೆ ಕೆಡುತ್ತೆ. ಬಿಟ್ಟೆವು.

ಫೋಟೋದಲ್ಲಿ ಪೆಟ್ಟು ತಿಂದೆವು. ನಮ್ಮ ತಂಡದ ಮೇಷ್ಟ್ರು ಚಿಕ್ಕಬಳ್ಳಾಪುರದವರು. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿಗೆ ಹೋಗಿ ಗೋಡೆಯ ಮೇಲಿನ ಭಾವಚಿತ್ರದ ಫೋಟೋ ತೆಗೆದು, ವಿಕಿಪೀಡಿಯದ ಚಿತ್ರಗಳನ್ನು ಇಡುವ ಕಾಮನ್ಸ್‌ಗೆ ಹಾಕಿದರು. ಅಳಿಸಿಬಿಟ್ಟರು. ಇನ್ನೊಬ್ಬರ ಫೋಟೋದ ಫೋಟೋ ನಮ್ಮದಾಗಲ್ಲ. ಮತ್ತೆ ಹೋಗಿ ಮನೆ, ಸಮಾಧಿ ತೆಗೆದುಕೊಂಡು ಬಂದರು. ಅವು ನಿಂತವು.

ಎರಡು ಮೇಣದಬತ್ತಿಯ ಕಥೆಯನ್ನೂ ಅವರೇ ಬಗೆಹರಿಸಿದರು. ಸರ್ಕಾರದ ಬತ್ತಿ ಆರಿಸಿ ಸ್ವಂತ ಬತ್ತಿ ಹಚ್ಚಿಕೊಂಡ ಕಥೆಗೆ, ಒಂದು ತಿಂಗಳು ಹುಡುಕಿದರೂ, ಕಣ್ಣಾರೆ ಕಂಡವರು ಬರೆದ ಮೂಲ ನಮಗೆ ಸಿಗಲಿಲ್ಲ. "ಮೂವತ್ತು ವರ್ಷ ಮಕ್ಕಳಿಗೆ ಹೇಳಿದ್ದೀನಪ್ಪಾ" ಅಂದರು ಮೇಷ್ಟ್ರು. ಸ್ವಲ್ಪ ಹೊತ್ತು ಫೋನಿನಲ್ಲಿ ಮಾತಿಲ್ಲ. ಆಮೇಲೆ ಅವರೇ ಕೂತು, ಅದನ್ನು ಜೀವನದ ಭಾಗದಿಂದ ತೆಗೆದು 'ಜನರ ಬಾಯಲ್ಲಿರುವ ಕಥೆಗಳು' ಅಂತ ಬೇರೆ ಮಾಡಿದರು.

ಹಳೇ ಪತ್ರಿಕೆಯ ಪುಟಗಳನ್ನು ಬೇಗ ಹುಡುಕುವ ದಾರಿ ಒಂದಿದೆ. ಅದನ್ನು ಇಲ್ಲಿ ಬರೆಯಲ್ಲ, ಜೊತೆಗೆ ಕೂತವರಿಗೆ ತೋರಿಸ್ತೀನಿ.

ಈ ಸೆಪ್ಟೆಂಬರ್ 15ರ ಬೆಳಿಗ್ಗೆ ಖಾತೆ ಇಲ್ಲದ ಯಾರೋ ಚರ್ಚೆ ಪುಟದಲ್ಲಿ ಕೇಳಿದ್ದರು: "1860 ಯಾಕೆ, 1861 ಯಾಕೆ?" ಮೇಷ್ಟ್ರು ಕಾಲು ಗಂಟೆಯೊಳಗೆ ಉತ್ತರ ಕೊಟ್ಟರು. ಈಗ ಮಿರ್ಜಾ ಇಸ್ಮಾಯಿಲ್ ಅವರ ಪುಟ ಹಿಡಿದಿದ್ದೇವೆ, ಕಟ್ಟೆ ಮುಗಿದಾಗ ದಿವಾನರಾಗಿದ್ದವರು. ಕರಡು ಬರೆಯುವ ಪ್ರಯೋಗಪುಟದಲ್ಲಿ ನಾಲ್ಕು ಸಾಲಿದೆ, ಮೂರಕ್ಕೆ ಉಲ್ಲೇಖ ಸಿಕ್ಕಿದೆ.