ಬೆಲ್ಲ ಮಾರುತ್ತಾ ಅರ್ಥವಾದ ಇ-ಕಾಮರ್ಸ್

ಮಂಡ್ಯದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ವಾಟ್ಸಾಪ್‌ನಲ್ಲಿ ಬೆಲ್ಲದ ಫೋಟೊ ಹಾಕುತ್ತಿದ್ದೆ, ಯುಪಿಐನಲ್ಲಿ ದುಡ್ಡು ಬಂದ ಮೇಲೆ ಪಾರ್ಸಲ್ ಕಳಿಸುತ್ತಿದ್ದೆ. ಊರಲ್ಲಿ ಎಲ್ಲರೂ ಇದಕ್ಕೆ 'ಆನ್‌ಲೈನ್ ಬಿಸಿನೆಸ್' ಅನ್ನುತ್ತಾರೆ. ಇ-ಕಾಮರ್ಸ್ ಅನ್ನೋದು ಅಮೆಜಾನ್, ಫ್ಲಿಪ್‌ಕಾರ್ಟ್‌ನಂಥವರ ಮಾತು ಅಂದುಕೊಂಡಿದ್ದೆ.

ಆ್ಯಪ್ ಒಂದರಲ್ಲಿ ಮಾರೋಣ ಅಂತ ಜಿಎಸ್‌ಟಿ ಮಾಡಿಸಲು ಹೋದಾಗ ಆಡಿಟರ್ ಕೇಳಿದರು: "ನೀವು ಇ-ಕಾಮರ್ಸ್ ಆಪರೇಟರಾ, ಸೆಲ್ಲರಾ ಅಮ್ಮಾ?" ನನಗೆ ಗೊತ್ತಾಗಲಿಲ್ಲ. "ಸಂತೆ ನಡೆಸೋರು ಬೇರೆ, ಸಂತೇಲಿ ಅಂಗಡಿ ಹಾಕೋರು ಬೇರೆ, ಅಲ್ವಾ?" ಅಂದರು. ತಕ್ಷಣ ಹೊಳೆಯಿತು. ಆ್ಯಪ್ ನಡೆಸುವವರು ಆಪರೇಟರ್, ನಾನು ಸೆಲ್ಲರ್. ಡಿಜಿಟಲ್ ಜಾಲದ ಮೂಲಕ ಸರಕು ಅಥವಾ ಸೇವೆ ಕೊಟ್ಟರೆ ಜಿಎಸ್‌ಟಿ ಕಾಯ್ದೆ ಅದನ್ನು ಇ-ಕಾಮರ್ಸ್ ಅನ್ನುತ್ತದೆ. ವ್ಯಾಪಾರ ದೊಡ್ಡದಾ ಚಿಕ್ಕದಾ ಅಂತ ಅಲ್ಲಿ ನೋಡುವುದಿಲ್ಲ.

ಈ ವ್ಯತ್ಯಾಸ ಲೆಕ್ಕಕ್ಕೂ ಬೇಕು. ಆಪರೇಟರ್ ನಮ್ಮ ಹಣದಲ್ಲಿ ಟಿಸಿಎಸ್, ಅಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ಹಿಡಿಯುತ್ತಾರೆ. ಮೊದಲು ಶೇ. 1 ಇತ್ತು, 2024ರ ಜುಲೈ 10ರಿಂದ ಶೇ. 0.5. ಅದನ್ನು ಕಮಿಷನ್ ಜೊತೆ ಸೇರಿಸಿ ಖರ್ಚು ಅಂತ ಬರೆಯಬೇಡಿ. ಅದು ನಮ್ಮ ಜಿಎಸ್‌ಟಿ ಖಾತೆಗೇ ಜಮಾ ಆಗುತ್ತದೆ. ಇನ್ನೊಂದು, ಬಿಡಿ ಬೆಲ್ಲಕ್ಕೆ ತೆರಿಗೆ ಇಲ್ಲ. ಪ್ಯಾಕ್ ಮಾಡಿ ಲೇಬಲ್ ಹಚ್ಚಿದರೆ 2022ರ ಜುಲೈ 18ರಿಂದ ಶೇ. 5 ಇದೆ.

ಆದರೆ ನನಗೆ ಜಾಸ್ತಿ ಕಲಿಸಿದ್ದು ಒಂದು ವಾಪಸ್ ಬಂದ ಪಾರ್ಸಲ್. ಅಂಗಡಿಗೆ ಬರುವವರು ಅಚ್ಚಿನ ಮೂಲೆ ಮುರಿದು ಬಾಯಿಗೆ ಹಾಕಿಕೊಂಡು ನೋಡುತ್ತಾರೆ. ಫೋನಿನಲ್ಲಿ ಬಣ್ಣವೇ ಎಲ್ಲ. ಬೆಲ್ಲದ ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಅನ್ನೋ ರಾಸಾಯನಿಕವನ್ನು ನಾವು ಹಾಕುವುದಿಲ್ಲ, ಹಾಗಾಗಿ ನಮ್ಮ ಬೆಲ್ಲ ಕಂದು. ಬಿಸಿಲಲ್ಲಿ ತೆಗೆದ ಫೋಟೊದಲ್ಲಿ ಅದು ಹೊಂಬಣ್ಣವಾಗಿ ಕಂಡಿತ್ತು. "ನೀವು ತೋರಿಸಿದ್ದೇ ಬೇರೆ" ಅಂತ ಮೈಸೂರಿನ ಗಿರಾಕಿಯೊಬ್ಬರು ಬರೆದರು. ಅವರು ಹೇಳಿದ್ದು ಸರಿ. ತೋರಿಸಿದ್ದೊಂದು, ಕೊಟ್ಟಿದ್ದೊಂದು ಆದರೆ ವಾಪಸ್ ತೆಗೆದುಕೊಳ್ಳಲ್ಲ ಅನ್ನುವಂತಿಲ್ಲ. 2020ರ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳಲ್ಲೇ ಹಾಗಿದೆ. ದುಡ್ಡು ಹಿಂದಿರುಗಿಸಿದೆ.

ಈಗ ನೆರಳಲ್ಲೇ ಫೋಟೊ ತೆಗೆಯುತ್ತೇನೆ. ಮುರಿದ ಒಂದು ಅಚ್ಚನ್ನು ಪಕ್ಕದಲ್ಲಿ ಇಡುತ್ತೇನೆ, ಒಳಗಿನ ಬಣ್ಣವೂ ಕಾಣಲಿ ಅಂತ. ಕೆಳಗೆ ಬರೆಯುತ್ತೇನೆ: ಕಂದು ಬಣ್ಣ, ಹೈಡ್ರೋಸ್ ಇಲ್ಲ, ಮಳೆಗಾಲದಲ್ಲಿ ಸ್ವಲ್ಪ ನೀರು ಬಿಡುತ್ತದೆ, ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿಡಿ.